ಬಡ್ಡಿಯ ದುಡ್ಡು, ಪಾಲಿನ ದುಡ್ಡು

ಟೋಕಿಯೋದಲ್ಲಿ ಸಿನಿಮಾ ಮುಗಿದ ಕೂಡಲೇ ಯಾರೂ ಏಳುವುದಿಲ್ಲ. ಹೆಸರುಗಳೆಲ್ಲ ಹೋಗಿ ದೀಪ ಹತ್ತಿದ ಮೇಲೇ ಬ್ಯಾಗು ಎತ್ತಿಕೊಳ್ಳುತ್ತಾರೆ. ಬಂದ ಹೊಸದರಲ್ಲಿ ನಾನೊಬ್ಬನೇ ಎದ್ದು, ಪಕ್ಕದವರ ಮೊಣಕಾಲು ದಾಟುತ್ತಾ ಮುಜುಗರಪಟ್ಟಿದ್ದೆ. ಈಗ ನಾನೂ ಕೂರುತ್ತೇನೆ. ಕೊನೆಯಲ್ಲಿ ಬರುವ ಒಂದು ಸಾಲಿಗಾಗಿ ಕಾಯುವುದು ಚಟವೇ ಆಗಿದೆ. ಸಿನಿಮಾದ ಹೆಸರು, ಅದರ ಪಕ್ಕ 'ಸೇಸಾಕು ಇಯಿಂಕಾಯ್', ಅಂದರೆ ನಿರ್ಮಾಣ ಸಮಿತಿ. ಟಿವಿ ಚಾನೆಲ್, ಪ್ರಕಾಶಕರು, ಜಾಹೀರಾತು ಕಂಪನಿ, ವಿತರಕರು, ಕೆಲವೊಮ್ಮೆ ಆಟಿಕೆ ಮಾಡುವವರು ಎಲ್ಲಾ ಸೇರಿ ದುಡ್ಡು ಹಾಕುತ್ತಾರೆ. ಗೆದ್ದರೂ ಪಾಲು, ಸೋತರೂ ಪಾಲು.

ನಮ್ಮ ಚಿಕ್ಕಪ್ಪ ತೊಂಬತ್ತರ ದಶಕದಲ್ಲಿ ಒಂದು ಸಿನಿಮಾಕ್ಕೆ ಕೈ ಹಾಕಿದ್ದರು. ಅಡಿಕೆ ದುಡ್ಡು ಸಾಲಲಿಲ್ಲ. ಗಾಂಧಿನಗರದ ಒಬ್ಬ ಫೈನಾನ್ಷಿಯರ್ ಹತ್ತಿರ ಬಡ್ಡಿಗೆ ತಂದರು. ನೆಗೆಟಿವ್ ಲ್ಯಾಬ್‌ನಲ್ಲಿತ್ತು. ಫೈನಾನ್ಷಿಯರ್ ಕಾಗದ ಕೊಡದೆ ಪ್ರಿಂಟ್ ಹೊರಗೆ ಬರುವಂತಿರಲಿಲ್ಲ. ಬಿಡುಗಡೆಯ ಹಿಂದಿನ ರಾತ್ರಿ ಚಿಕ್ಕಮ್ಮನ ನಾಲ್ಕು ಬಳೆ ಹೋದವು, ಬೆಳಿಗ್ಗೆ ಡಬ್ಬ ಬಂತು. ಸಿನಿಮಾ ಎರಡು ವಾರ ಓಡಿತು. ಬಡ್ಡಿ ಆರು ವರ್ಷ ಓಡಿತು.

ಹಾಗಂತ ಜಪಾನಿನವರು ಎಡವಿಲ್ಲ ಅಂತಲ್ಲ. ಮನೆಯಲ್ಲಿ ಇಷ್ಟು ಹುಷಾರಾಗಿರುವವರು ಹಾಲಿವುಡ್‌ಗೆ ಹೋದಾಗ ಬೇರೆಯೇ ಆಗಿಬಿಟ್ಟರು. 1989ರಲ್ಲಿ ಸೋನಿ ಅಲ್ಲಿನ ಕೊಲಂಬಿಯಾ ಸ್ಟುಡಿಯೋವನ್ನು ಕೊಂಡಿತು. ಮರುವರ್ಷ ಪ್ಯಾನಾಸೋನಿಕ್ ಮಾಡುವ ಮತ್ಸುಶಿತ ಕಂಪನಿ, ಯೂನಿವರ್ಸಲ್ ಸ್ಟುಡಿಯೋದ ಒಡೆಯ ಎಂಸಿಎಯನ್ನು ಕೊಂಡಿತು. ಅದೇ 1990ರಲ್ಲಿ ಯಮಾಯಿಚಿ ಎಂಬ ದೊಡ್ಡ ಷೇರು ಕಂಪನಿಯ ಬಳಗ, ಇಲ್ಲಿನ ಹೂಡಿಕೆದಾರರಿಂದ ಡಿಸ್ನಿ ಸಿನಿಮಾಗಳಿಗೆ 60 ಕೋಟಿ ಡಾಲರ್ ಎತ್ತಿಕೊಟ್ಟಿತು. ದುಡ್ಡು ಇವರದ್ದು, ಯಾವ ಸಿನಿಮಾ ಅನ್ನುವ ಮಾತು ಅವರದ್ದು. ಮತ್ಸುಶಿತ 1995ರಲ್ಲಿ ಶೇ. 80ರಷ್ಟು ಪಾಲು ಮಾರಿ ಜಾಗ ಖಾಲಿ ಮಾಡಿತು. ಸೋನಿ 1994ರಲ್ಲಿ ಸುಮಾರು 270 ಕೋಟಿ ಡಾಲರನ್ನು ನಷ್ಟವೆಂದು ಲೆಕ್ಕದಿಂದ ಹೊಡೆದುಹಾಕಿ, ಹೇಗೋ ಉಳಿದುಕೊಂಡಿತು. 1897ರಲ್ಲಿ ಹುಟ್ಟಿದ ಯಮಾಯಿಚಿ ಸರಿಯಾಗಿ ನೂರು ತುಂಬಿದ ವರ್ಷ ಮುಳುಗಿತು. ಪಾಪ, ಅದಕ್ಕೆ ಸಿನಿಮಾ ಕಾರಣವಲ್ಲ. ವರ್ಷಗಟ್ಟಲೆ ಮುಚ್ಚಿಟ್ಟ ನಷ್ಟ. ನೌಕರರ ತಪ್ಪಿಲ್ಲ, ತಪ್ಪೆಲ್ಲ ನಮ್ಮದು ಅಂತ ಅಧ್ಯಕ್ಷರು ಕ್ಯಾಮೆರಾ ಮುಂದೆ ಅತ್ತಿದ್ದು ಇಲ್ಲಿನವರಿಗೆ ಇನ್ನೂ ನೆನಪಿದೆ.

ಸಮಿತಿಯ ಕಾಟವೂ ಕಡಿಮೆಯೇನಲ್ಲ. ಹತ್ತು ಕಂಪನಿ ತಲೆಯಾಡಿಸಬೇಕು ಅಂದರೆ ಈಗಾಗಲೇ ಚೆನ್ನಾಗಿ ಮಾರಾಟವಾದ ಕಾಮಿಕ್ಸ್ ಕಥೆಯೇ ಸುಲಭ, ಅಲ್ವಾ? ನಿರ್ದೇಶಕನಿಗೆ ಸಂಭಾವನೆ ಸಿಕ್ಕರೆ ಮುಗಿಯಿತು, ಲಾಭ ಸಾಮಾನ್ಯವಾಗಿ ಸಮಿತಿಯದ್ದೇ. ಹಿಂದೆ ತೋಯೆಯಿ ಎಂಬ ಸಿನಿಮಾ ಕಂಪನಿಯಲ್ಲಿದ್ದ ನಿರ್ಮಾಪಕ ಮುನೆಯುಕಿ ಕೀ 2024ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಹೊಸ ಫಂಡ್ ಘೋಷಿಸಿದ್ದು ಇದನ್ನು ಬಿಡಿಸಲಿಕ್ಕೇ. ಹೊರಗಿನ ಹೂಡಿಕೆದಾರರಿಗೂ ಬಾಗಿಲು, ಸಿನಿಮಾ ಮಾಡಿದವರಿಗೂ ಲಾಭದಲ್ಲಿ ಪಾಲು.

ನನ್ನ ಕೇಳಿದರೆ ಗಾಂಧಿನಗರಕ್ಕೆ ಸಮಿತಿ ಬೇಡ. ಸೋಲಲ್ಲೂ ಹೆಗಲು ಕೊಡುವ ದುಡ್ಡು ಬೇಕು. ನಮಗೆ ಅದು ಹೊಸದೇನೂ ಅಲ್ಲ. 2013ರಲ್ಲಿ ಬಂದ 'ಲೂಸಿಯಾ'ಗೆ 110 ಜನ ಸೇರಿ 27 ದಿನದಲ್ಲಿ 51 ಲಕ್ಷ ರೂಪಾಯಿ ಹಾಕಿದ್ದರು. ಒಂದು ಸಲ ಆಯಿತು, ರೂಢಿ ಆಗಲಿಲ್ಲ.

ಮೊನ್ನೆ ಫೋನಿನಲ್ಲಿ ಚಿಕ್ಕಪ್ಪನಿಗೆ ಈ ಸಮಿತಿಯ ಕಥೆ ಸುಮ್ನೆ ಹೇಳಿದೆ.

"ಸೋತರೆ ಯಾರ ಮನೆಗೆ ಬರ್ತಾರೋ?"

"ಯಾರ ಮನೆಗೂ ಬರಲ್ಲ ಚಿಕ್ಕಪ್ಪ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ದನಿ ತಗ್ಗಿಸಿ, ಚಿಕ್ಕಮ್ಮನಿಗೆ ಕೇಳಿಸದ ಹಾಗೆ: "ಅಡಿಕೆಯವರನ್ನ ಸೇರಿಸ್ಕೊಳ್ತಾರಾ? ಒಂದು ಕಥೆ ಇದೆ ಕಣೋ."