ನೀರಿನ ಮಹತ್ವಕ್ಕೆ ಯಾರ ತಕರಾರಿದೆ ಸ್ವಾಮಿ?

ಪ್ರೌಢಶಾಲೆ ಮಕ್ಕಳ ಪ್ರಬಂಧ ಸ್ಪರ್ಧೆಯ ಒಂದು ಕಟ್ಟು ಓದಿ ಈಗಷ್ಟೇ ಕೆಳಗಿಟ್ಟೆ. ವಿಷಯ: ‘ಜಲ ಸಂರಕ್ಷಣೆಯ ಮಹತ್ವ’. ಅರ್ಧಕ್ಕಿಂತ ಹೆಚ್ಚಿನವು ‘ಅನಾದಿಕಾಲದಿಂದಲೂ ಮಾನವನು ನೀರನ್ನು ಅವಲಂಬಿಸಿದ್ದಾನೆ’ ಎಂದು ಶುರುವಾಗಿ ‘ಆದ್ದರಿಂದ ನಾವೆಲ್ಲರೂ ನೀರನ್ನು ಉಳಿಸೋಣ’ ಎಂದು ಮುಗಿಯುತ್ತವೆ. ನಡುವೆ ಭೂಮಿಯ ಮುಕ್ಕಾಲು ಪಾಲು ನೀರು, ಹನಿ ಹನಿ ಕೂಡಿದರೆ ಹಳ್ಳ. ಅಕ್ಷರ ದುಂಡಗಿದೆ, ಮಾರ್ಜಿನ್ ನೆಟ್ಟಗಿದೆ. ವಾದ ಮಾತ್ರ ಸಾಸಿವೆಯಷ್ಟೂ ಇಲ್ಲ. ಇವರೆಲ್ಲ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೇ ಭಾಗದ ಮಕ್ಕಳು. ನೀರಿನ ಬಗ್ಗೆ ಇವರ ಮನೆಯ ಪಡಸಾಲೆಯಲ್ಲಿ ನಡೆಯುವಷ್ಟು ವಾದ ವಿಧಾನಸೌಧದಲ್ಲೂ ನಡೆಯಲಿಕ್ಕಿಲ್ಲ.

ಸಿಟ್ಟು ಮಕ್ಕಳ ಮೇಲಲ್ಲ, ವಿಷಯ ಕೊಟ್ಟವರ ಮೇಲೆ. ತಲೆಬರಹದಲ್ಲಿ ‘ಮಹತ್ವ’ ಬಂತೆಂದರೆ ಅಲ್ಲಿಗೆ ವಾದ ಸತ್ತಂತೆ, ಯಾಕೆಂದರೆ ‘ಇಲ್ಲ’ ಅನ್ನುವವನು ಯಾರೂ ಇಲ್ಲ. ನೀರು ಮುಖ್ಯ ಅಲ್ಲ ಅನ್ನುವವನನ್ನು ಹುಡುಕಿಕೊಂಡು ಎಲ್ಲಿಗೆ ಹೋಗೋಣ? ಎದುರಾಳಿಯೇ ಇಲ್ಲದ ಅಖಾಡಕ್ಕೆ ಹುಡುಗನನ್ನು ಇಳಿಸಿ ಕುಸ್ತಿ ಆಡು ಅಂದರೆ ಅವನು ತೊಡೆ ತಟ್ಟಿಕೊಂಡು ನಿಲ್ಲುತ್ತಾನೆ, ಅಷ್ಟೇ. ಈ ಪ್ರಬಂಧಗಳಲ್ಲಿ ಇರುವುದೂ ಬರೀ ತೊಡೆ ತಟ್ಟುವ ಸದ್ದು.

ಅದೇ ಮಕ್ಕಳಿಗೆ ಹೀಗೆ ಕೊಟ್ಟು ನೋಡಿ: ‘ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ಬೇಸಿಗೆ ಭತ್ತಕ್ಕೆ ನೀರು ಬಿಡಬಾರದು.’ ಮೇಲ್ಭಾಗದ ಗಂಗಾವತಿ, ಕಾರಟಗಿ ಕಡೆಯವರು ಕೂಡಲೇ ಎದ್ದು ನಿಲ್ಲುತ್ತಾರೆ. ಕೊನೇ ಭಾಗದ ಮಾನ್ವಿ, ಸಿರವಾರ ಕಡೆಯವರು ಚಪ್ಪಾಳೆ ಹೊಡೆಯುತ್ತಾರೆ. ವಾದ ಹುಟ್ಟಿತು! ಇಡೀ ಪಾಠದ ಮೊದಲ ಕೆಲಸ ಇದು: ಮಗು ತನ್ನ ನಿಲುವನ್ನು ಒಂದೇ ವಾಕ್ಯದಲ್ಲಿ, ಕ್ರಿಯಾಪದ ಸಮೇತ ಬರೆಯಬೇಕು, ಮತ್ತು ಅದಕ್ಕೆ ‘ಇಲ್ಲ’ ಅನ್ನುವ ಒಬ್ಬ ಬುದ್ಧಿವಂತನನ್ನು ಬೆರಳು ಮಾಡಿ ತೋರಿಸಬೇಕು. ತೋರಿಸಲು ಬರದಿದ್ದರೆ ವಾಕ್ಯ ಹೊಡೆದು ಹಾಕಿ, ಇನ್ನೊಂದು ಬರೆ. 45 ನಿಮಿಷದ ಪಿರಿಯಡ್‌ನಲ್ಲಿ ಇದಕ್ಕೇ 10 ನಿಮಿಷ ಹೋದರೂ ನಷ್ಟವಿಲ್ಲ.

ಆಮೇಲೆ ಕಾರಣಗಳು. ನಿಲುವಿನ ಮುಂದೆ ‘ಏಕೆಂದರೆ’ ಹಚ್ಚಿ ಮೂರು ಸಲ ವಾಕ್ಯ ಮುಗಿಸಲು ಹೇಳಿ. ಮೂರರಲ್ಲಿ ಎರಡು ಒಂದೇ ಆಗಿರುತ್ತವೆ. ‘ನೀರು ಅಮೂಲ್ಯ, ಏಕೆಂದರೆ ನೀರಿಲ್ಲದೆ ಬದುಕಿಲ್ಲ, ಏಕೆಂದರೆ ನೀರೇ ಜೀವ.’ ಇದು ಎರಡು ಕಾರಣ ಅಲ್ಲ, ಒಂದೇ ಕಾರಣ ಎರಡು ಸೀರೆ ಉಟ್ಟು ಬಂದದ್ದು. ಬೇರೆ ಬೇರೆ ಕಾರಣ ಅಂದರೆ ಹೀಗೆ. ಈ ಕಾಲುವೆಯ ಯೋಜನೆ ಆದದ್ದೇ ಜೋಳ, ಶೇಂಗಾ, ಹತ್ತಿಯಂಥ ಲಘು ನೀರಾವರಿ ಬೆಳೆಗಳನ್ನು ಮುಖ್ಯವಾಗಿ ನಂಬಿ, ಇದು ಒಂದು. ಮೇಲೆ ಭತ್ತ ನಿಂತರೆ ಕೆಳಗಿನವನಿಗೆ ಒಂದು ಬೆಳೆಗೂ ಗ್ಯಾರಂಟಿ ಇಲ್ಲ, ಇದು ಎರಡು. ಜಲಾಶಯದ ಹೊಟ್ಟೆಯೇ ಹೂಳು ತುಂಬಿ ಕಿರಿದಾಗಿದೆ, ಇದು ಮೂರು. ಮೊದಲನೆಯದು ಯೋಜನೆಯ ಮಾತು, ಎರಡನೆಯದು ನ್ಯಾಯದ ಮಾತು, ಮೂರನೆಯದು ಲೆಕ್ಕದ ಮಾತು. ಒಂದನ್ನು ಕಿತ್ತರೂ ಉಳಿದೆರಡು ನಿಲ್ಲುತ್ತವೆ.

ಈಗ ಎಲ್ಲರೂ ಮುಗ್ಗರಿಸುವ ಜಾಗಕ್ಕೆ ಬರೋಣ. ಸ್ವಲ್ಪ ಜಾಣ ಮಕ್ಕಳು ಅಂಕಿ ಅಂಶ ತರುತ್ತಾರೆ. ತಂದು ಅಂಗಳದಲ್ಲಿ ಸುರಿದು ಹೋಗುತ್ತಾರೆ. ‘ತುಂಗಭದ್ರಾ ಜಲಾಶಯದ ಮೂಲ ಸಾಮರ್ಥ್ಯ 133 ಟಿಎಂಸಿ, ಈಗ ಸುಮಾರು 105.8 ಟಿಎಂಸಿ.’ ಪೂರ್ಣವಿರಾಮ. ಮುಂದಿನ ಪ್ಯಾರಾ. ಅಲ್ಲಪ್ಪಾ, ಹಾಗಾದರೆ ಏನಾಯ್ತು? ಕಳೆದುಹೋದ ಇದೇ 27 ಟಿಎಂಸಿ ಹಿಡಿದುಕೊಂಡು ಒಬ್ಬ ‘ಆದ್ದರಿಂದ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟಿ’ ಅನ್ನುತ್ತಾನೆ, ಇನ್ನೊಬ್ಬ ‘ಆದ್ದರಿಂದ ಎರಡನೇ ಭತ್ತ ನಿಲ್ಲಿಸಿ’ ಅನ್ನುತ್ತಾನೆ. ಅಂಕಿಗೆ ಬಾಯಿಲ್ಲ. ಅಂಕಿಯಿಂದ ನಿಲುವಿಗೆ ದಾಟಿಸುವ ಒಂದು ಸೇತುವೆ ವಾಕ್ಯ ಬೇಕು: ‘ಇರುವ ನೀರೇ ಕಡಿಮೆಯಾದಾಗ ಹೊಸ ಜಲಾಶಯ ಬರುವವರೆಗೆ ಕಾಯಲಾಗದು, ಈ ವರ್ಷವೇ ಉಳಿಸಬಹುದಾದದ್ದು ಬೆಳೆಯ ಆಯ್ಕೆಯಿಂದ ಮಾತ್ರ.’ ಒಪ್ಪುವುದು ಬಿಡುವುದು ಆಮೇಲಿನ ಮಾತು. ದಾಟಲು ಹಲಗೆ ಹಾಕಿದ್ದಾನಲ್ಲ, ಅದು ಮುಖ್ಯ.

ಸೇತುವೆ ವಾಕ್ಯ ಕಲಿಸಲು ಬೇರೆ ದೇಶದ ಉದಾಹರಣೆ ಬೇಡ. ರಾಯಚೂರು ಜಿಲ್ಲೆಯ ಮಸ್ಕಿ ಸಾಕು. ‘ದೇವಾನಾಂಪ್ರಿಯ ಪ್ರಿಯದರ್ಶಿ’ ಅಂತ ಕಲ್ಲುಗಳ ಮೇಲೆ ಬರೆಸಿದ ಅರಸ ಅಶೋಕನೇ ಅನ್ನುವುದು ನಿಲುವು. 1915ರಲ್ಲಿ ಮಸ್ಕಿಯಲ್ಲಿ ಸಿಕ್ಕ ಶಾಸನದಲ್ಲಿ ‘ದೇವಾನಾಂಪ್ರಿಯ’ದ ಜೊತೆಗೇ ‘ಅಶೋಕ’ ಎಂಬ ಹೆಸರಿದೆ ಅನ್ನುವುದು ಆಧಾರ. ಇವೆರಡರ ನಡುವೆ ಹುಡುಗ ಏನು ಬರೆಯಬೇಕು? ಮಸ್ಕಿಯ ಬಂಡೆಗೂ ಉಳಿದ ಬಂಡೆಗಳಲ್ಲಿ ಹೆಚ್ಚಿನವಕ್ಕೂ ಲಿಪಿ, ಭಾಷೆ, ಮಾತಿನ ಧಾಟಿ ಒಂದೇ, ಹಾಗಾಗಿ ಮಾತಾಡಿದವನೂ ಒಬ್ಬನೇ. ಈ ಒಂದು ವಾಕ್ಯ ಇಲ್ಲದಿದ್ದರೆ ಮಸ್ಕಿಯ ಕಲ್ಲು ಬರೀ ಕಲ್ಲು. ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೆಗೋಳಗಳಲ್ಲೂ ಅದೇ ಹೆಸರು ಸಿಕ್ಕಿದೆ ಎಂದು ಸೇರಿಸಿದರೆ ಆಧಾರ ಗಟ್ಟಿಯಾಯಿತು. ಆದರೆ ಸೇತುವೆ ಹಾಕದೆ ಹತ್ತು ಕಲ್ಲು ಸುರಿದರೂ ಹೊಳೆ ದಾಟುವುದಿಲ್ಲ.

ಹಳಬರಿಗೆ ಇದು ಗೊತ್ತಿತ್ತು. ನ್ಯಾಯಶಾಸ್ತ್ರದ, ಅಂದರೆ ನಮ್ಮ ಹಳೆಯ ತರ್ಕಶಾಸ್ತ್ರದ, ಐದು ಅವಯವಗಳಲ್ಲಿ, ಬೆಟ್ಟದಲ್ಲಿ ಬೆಂಕಿಯಿದೆ ಅನ್ನುವುದು ಪ್ರತಿಜ್ಞೆ, ಹೊಗೆ ಕಾಣುತ್ತಿದೆ ಅನ್ನುವುದು ಹೇತು, ಹೊಗೆಯಿದ್ದಲ್ಲಿ ಬೆಂಕಿಯಿರುತ್ತದೆ, ಅಡುಗೆಮನೆಯಲ್ಲಿ ಇದ್ದಂತೆ ಅನ್ನುವುದು ಉದಾಹರಣೆ, ಈ ಬೆಟ್ಟದಲ್ಲೂ ಅಂಥದೇ ಹೊಗೆಯಿದೆ ಅನ್ನುವುದು ಉಪನಯ, ಆದ್ದರಿಂದ ಬೆಂಕಿಯಿದೆ ಅನ್ನುವುದು ನಿಗಮನ. ನಮ್ಮ ಮಕ್ಕಳು ಬೆಟ್ಟಕ್ಕೆ ಹೋಗುವುದೇ ಬೇಡ, ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿ ನೋಡಿದರೂ ಆಯ್ತು. ನಾವು ಶಾಲೆಯಲ್ಲಿ ಉಳಿಸಿಕೊಂಡದ್ದು ಏನು? ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಮೂರು ಖಾಲಿ ಡಬ್ಬಿ. ಲೇಬಲ್ ಹಚ್ಚಿದ್ದೇವೆ, ಒಳಗೆ ಏನು ಹಾಕಬೇಕು ಅಂತ ಹೇಳಿಲ್ಲ.

ಒಪ್ಪಿಕೊಳ್ಳುತ್ತೇನೆ, ‘ಅನಾದಿಕಾಲ’ದ ಪೀಠಿಕೆಯನ್ನು ನಾನೂ ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆಸಿದ್ದೇನೆ. ಆ ಪಾಪದ ಅರಿವಿನಿಂದಲೇ ಈ ಸಿಟ್ಟು ಇಷ್ಟು ಖಾರ ಇರಬಹುದು.

‘ಸರ್, ಪರೀಕ್ಷೆಯಲ್ಲಿ ಅಂಕ ಕೊಡೋದೇ ಆ ಮೂರು ಡಬ್ಬಿಗೆ, ಹಳ್ಳಿ ಮಕ್ಕಳಿಗೆ ವಾದ ಗೀದ ಎಲ್ಲಾ ಹೊರೆ ಆಗ್ತದೆ’ ಅನ್ನುವವರು ಇದ್ದಾರೆ. ಡಬ್ಬಿ ಇರಲಿ, ಯಾರು ಬೇಡ ಅಂದರು? ವಾದ ಅದೇ ಡಬ್ಬಿಯೊಳಗೇ ಕೂರುತ್ತದೆ. ಇನ್ನು ಹೊರೆಯ ಮಾತು. ಒಗ್ಗರಣೆ-ಮಿರ್ಚಿ ತಿನ್ನುತ್ತಾ ಹೋಟೆಲ್ ಕಟ್ಟೆಯ ಮೇಲೆ ಕಾಲುವೆ ನೀರಿನ ಗೇಜ್ ಎಷ್ಟಿತ್ತು, ಯಾವ ಉಪಕಾಲುವೆ ಯಾರು ಒಡೆದರು ಅಂತ ಸಾಕ್ಷಿ ಸಮೇತ ಮಾತಾಡುವವನ ಮಗ ಹಳ್ಳಿ ಹುಡುಗ. ಅವನಿಗೆ ವಾದ ಹೊರೆ ಅಂತೆ! ಮುಂದೆ ಇವನೇ ಕೆಎಎಸ್ ಮುಖ್ಯ ಪರೀಕ್ಷೆಗೆ ಕೂತಾಗ 250 ಅಂಕದ ಪ್ರಬಂಧ ಪತ್ರಿಕೆ ಎದುರಾಗುತ್ತದೆ. ಆಗ ಕೋಚಿಂಗ್‌ನವರಿಗೆ ಸಾವಿರಗಟ್ಟಲೆ ಎಣಿಸಿ ಇದನ್ನೇ ಕಲಿಯುತ್ತಾನೆ.

ಪೂರ್ವಪಕ್ಷದ, ಅಂದರೆ ಎದುರಾಳಿಯ ವಾದದ, ಬಗ್ಗೆಯೂ ಸ್ವಲ್ಪ ಹೇಳಬೇಕು, ಬಹುತೇಕರು ಅದನ್ನು ಕಾಟಾಚಾರಕ್ಕೆ ಮುಗಿಸುತ್ತಾರೆ. ‘ಕೆಲವರು ಭತ್ತ ಬೇಕು ಎನ್ನುತ್ತಾರೆ. ಇದು ತಪ್ಪು.’ ಮುಗೀತು. ಎದುರಾಳಿಗೆ ಹುಲ್ಲಿನ ಬೊಂಬೆ ಮಾಡಿ ಅದಕ್ಕೆ ಒದ್ದರೆ ಏನು ಪೌರುಷ? ಪೂರ್ವಪಕ್ಷವನ್ನು ಕನಿಷ್ಠ ನಾಲ್ಕು ವಾಕ್ಯದಲ್ಲಿ ಬರೆಯಲಿ. ಕಪ್ಪು ಮಣ್ಣಿನ ಜಮೀನು ನೀರು ಕುಡಿದು ಕುಡಿದು ಜೌಗಾಗಿದೆ, ಅಲ್ಲಿ ಭತ್ತ ಬಿಟ್ಟರೆ ಬೇರೇನೂ ಬರುವುದಿಲ್ಲ. ಭತ್ತಕ್ಕೆ ಊರಲ್ಲೇ ರೈಸ್ ಮಿಲ್ ಇದೆ, ಕೊಳ್ಳುವವನಿದ್ದಾನೆ. ಜೋಳಕ್ಕೆ ಆ ಧೈರ್ಯ ಇಲ್ಲ. ಸಾಲ ಎತ್ತಿದ್ದೂ ಭತ್ತ ನಂಬಿಯೇ. ಗಂಗಾವತಿಯ ರೈತ ಇದನ್ನು ಓದಿ ‘ಹೌದಪ್ಪ, ನಾ ಹೇಳೋದೂ ಇದನ್ನೇ’ ಅಂದರೆ ಮಾತ್ರ ಪಾಸು.

ಉತ್ತರಕ್ಕೆ ಮೂರೇ ದಾರಿ. ನಿನ್ನ ಮಾಹಿತಿ ತಪ್ಪು ಅನ್ನಬಹುದು. ನಿನ್ನ ಮಾತು ನಿಜ, ಆದರೆ ನನ್ನದು ಹೆಚ್ಚು ತೂಕದ್ದು ಅನ್ನಬಹುದು. ಅಥವಾ, ನಿನ್ನ ಮಾತು ನಿಜ, ಹಾಗಾಗಿ ನನ್ನ ನಿಲುವನ್ನೇ ಸ್ವಲ್ಪ ಕತ್ತರಿಸುತ್ತೇನೆ ಅನ್ನಬಹುದು: ‘ಜೌಗು ಹಿಡಿದ ಜಮೀನು ಬಿಟ್ಟು ಉಳಿದ ಕಡೆ ಬೇಸಿಗೆ ಭತ್ತಕ್ಕೆ ನೀರು ಬೇಡ.’ ಮೂರನೆಯದನ್ನು ಮಕ್ಕಳು ಸೋಲು ಅಂದುಕೊಳ್ಳುತ್ತಾರೆ. ದೊಡ್ಡವರೂ ಹಾಗೇ ಅಂದುಕೊಳ್ಳುತ್ತಾರೆ, ಇದೇ ಫೇಸ್‌ಬುಕ್ಕಿನಲ್ಲಿ ದಿನಾ ನೋಡುತ್ತೇವಲ್ಲ. ಕತ್ತರಿಸಿದ ನಿಲುವನ್ನು ಹೊತ್ತು ಮತ್ತೆ ಮೊದಲ ಪ್ಯಾರಾಕ್ಕೆ ಹೋಗಿ ಅಲ್ಲೂ ತಿದ್ದಬೇಕು. ಇಲ್ಲದಿದ್ದರೆ ಪೀಠಿಕೆ ಒಂದು ಹೇಳುತ್ತದೆ, ಉಪಸಂಹಾರ ಇನ್ನೊಂದು.

ಅದಕ್ಕೇ ಪೀಠಿಕೆ ಕೊನೆಗೆ ಬರೆಸಿ. ಮೇಲೆ ಆರು ಗೆರೆ ಖಾಲಿ ಬಿಟ್ಟು ಕಾರಣಗಳಿಂದ ಶುರು ಮಾಡಲಿ. ನಾಲ್ಕು ವಾಕ್ಯದ ಪೀಠಿಕೆ ಸಾಕು: ಏನು ಜಗಳ, ಯಾರ ಯಾರ ನಡುವೆ, ನನ್ನ ನಿಲುವು ಏನು, ಯಾವ ದಾರಿಯಲ್ಲಿ ಹೋಗುತ್ತೇನೆ. ಮಹಾನ್ ವ್ಯಕ್ತಿಗಳ ನುಡಿ ಬೇಡ. ವಿವೇಕಾನಂದರು, ಕಲಾಂ ಅವರು ಎಂದೂ ಹೇಳದ ಎಷ್ಟು ಮಾತು ಈ ಪೀಠಿಕೆಗಳಲ್ಲಿ ಹುಟ್ಟಿವೆಯೋ ದೇವರಿಗೇ ಗೊತ್ತು. ಉಪಸಂಹಾರದಲ್ಲಿ ‘ಒಟ್ಟಾರೆಯಾಗಿ ಹೇಳುವುದಾದರೆ’ ಕಂಡರೆ ಕೆಂಪು ಗೆರೆ ಎಳೆಯಿರಿ, ಅದು ಹೇಳಿದ್ದನ್ನೇ ಹೇಳುವ ಮುನ್ಸೂಚನೆ. ಈ ನಿಲುವು ಒಪ್ಪಿದರೆ ನಾಳೆ ಯಾರು ಏನು ಮಾಡಬೇಕಾಗುತ್ತದೆ ಅಂತ ಎರಡು ವಾಕ್ಯ ಬರೆದು ಪೆನ್ನು ಮುಚ್ಚಲಿ.

ತಿದ್ದುವಾಗ ಅಲ್ಪಪ್ರಾಣ ಮಹಾಪ್ರಾಣದ ಕಡೆ ಮೊದಲೇ ಹೋಗಬೇಡಿ. ಮೊದಲ ಓದಿನಲ್ಲಿ ಕೆಂಪು ಪೆನ್ನು ದೂರ ಇರಲಿ. ಮಗುವಿನಿಂದಲೇ ಪ್ರತಿ ಪ್ಯಾರಾದ ಮೊದಲ ವಾಕ್ಯವನ್ನು ಮಾತ್ರ ಬೇರೆ ಹಾಳೆಗೆ ಇಳಿಸಿ. ಆ ಐದಾರು ವಾಕ್ಯ ಓದಿದರೆ ವಾದದ ಎಲುಬು ಕಾಣಬೇಕು. ಕಾಣದಿದ್ದರೆ ಕಾಗುಣಿತ ತಿದ್ದಿ ಪ್ರಯೋಜನವಿಲ್ಲ, ಸತ್ತವನಿಗೆ ಪೌಡರ್ ಹಚ್ಚಿದಂತೆ. ತರಗತಿಯಲ್ಲಿ 60 ಮಕ್ಕಳಿದ್ದರೆ ಪಕ್ಕದವನ ಕೈಗೆ ಕೊಡಿಸಿ, ಅವನು ಪ್ರತಿ ಪ್ಯಾರಾದ ಅಂಚಿಗೆ ‘ಅದಕ್ಕೇನೀಗ?’ ಅಂತ ಒಂದೇ ಪ್ರಶ್ನೆ ಬರೆಯಲಿ. ಉತ್ತರ ಇಲ್ಲದ ಕಡೆ ಸೇತುವೆ ಇಲ್ಲ ಅಂತ ಅರ್ಥ.

ಮುಂದಿನ ಸ್ಪರ್ಧೆಗೆ ‘ರಾಯಚೂರಿಗೆ ಏಮ್ಸ್ ಬೇಕು’ ಕೊಡೋಣ ಅಂತ ಈಗಲೇ ಒಬ್ಬರು ಮೆಸೇಜ್ ಹಾಕಿದ್ದಾರೆ. 2022ರಿಂದ ಹೋರಾಟ ನಡೆದಿದೆ, ಭಾವನೆ ಅರ್ಥವಾಗುತ್ತದೆ. ಆದರೆ ರಾಯಚೂರಿನ ಶಾಲೆಯಲ್ಲಿ ರಾಯಚೂರಿನ ತೀರ್ಪುಗಾರರ ಮುಂದೆ ಇದಕ್ಕೆ ಮತ್ತೆ ‘ಇಲ್ಲ’ ಅನ್ನುವವನು ಯಾರೂ ಇಲ್ಲ! ಕೊಡುವುದೇ ಆದರೆ, ಓದುಗ ದಿಲ್ಲಿಯ ಆರೋಗ್ಯ ಸಚಿವಾಲಯದ ಅಧಿಕಾರಿ, ಅವನ ಮೇಜಿನ ಮೇಲೆ ಬೇರೆ ಊರುಗಳ ಅರ್ಜಿಯೂ ಇದೆ ಅಂತ ಪ್ರಶ್ನೆಯಲ್ಲೇ ಬರೆಯಿರಿ. ಆಗ ಹುಡುಗ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿಯನ್ನು ಜೈಕಾರಕ್ಕೆ ಬಳಸುವುದಿಲ್ಲ, ಆಧಾರಕ್ಕೆ ಬಳಸುತ್ತಾನೆ. ರಾಯಚೂರು ಕೇಳಿದ್ದ ಐಐಟಿ 2016ರಲ್ಲಿ ಧಾರವಾಡದಲ್ಲಿ ಶುರುವಾದದ್ದನ್ನು ದೂರಿನ ಧಾಟಿಯಲ್ಲಿ ಹೇಳಬೇಕೋ, ತರ್ಕದ ಧಾಟಿಯಲ್ಲಿ ಹೇಳಬೇಕೋ ಅಂತ ಯೋಚಿಸುತ್ತಾನೆ. ಕಾಲುವೆಯ ವಿಷಯವನ್ನೇ ಇಟ್ಟುಕೊಳ್ಳುವುದಾದರೆ ಇನ್ನೂ ಒಳ್ಳೆಯದು. ಒಂದು ಷರತ್ತು: ಮಾನ್ವಿ ಮಕ್ಕಳಿಗೆ ಭತ್ತದ ಪರ, ಗಂಗಾವತಿ ಮಕ್ಕಳಿಗೆ ಭತ್ತದ ವಿರುದ್ಧ. ಅಪ್ಪಂದಿರು ಜಗಳಕ್ಕೆ ಬಂದರೆ ಅವರಿಗೂ ಒಂದೊಂದು ಹಾಳೆ ಕೊಟ್ಟು ಕೂರಿಸಿ.