ಮೊರಾಂಟೆ ಕಣ್ಣೀರು ಹಾಕಿಸಿದ್ದೇ ತಪ್ಪಾಯಿತಾ?

ಇಟಲಿಯ ಎಲ್ಸಾ ಮೊರಾಂಟೆ ಅವರ ‘ಲಾ ಸ್ಟೋರಿಯಾ’ (ಅಂದರೆ ಚರಿತ್ರೆ) ಕಾದಂಬರಿಯ ಬಗ್ಗೆ ಪಂಡಿತರು ಬರೆದದ್ದನ್ನು ಓದುತ್ತಾ ಹೋದರೆ ನನಗೆ ಒಂದು ತಕರಾರು ಉಳಿದೇ ಉಳಿಯುತ್ತದೆ. ಬೈದವರೂ ಹೊಗಳಿದವರೂ ಇದರಲ್ಲಿ ಸಿದ್ಧಾಂತವನ್ನೇ ಹುಡುಕಿದ್ದು ಜಾಸ್ತಿ. ಕಥೆ ಹೇಳುವ ದನಿಗೆ ಕಿವಿಗೊಟ್ಟವರು ಕಮ್ಮಿ.

ಓದಿಲ್ಲದವರಿಗೆ ಕಥೆ ಇಷ್ಟು. 1941ರ ರೋಮ್. ಇಡಾ ಅಂತ ಒಬ್ಬ ವಿಧವೆ, ಪ್ರಾಥಮಿಕ ಶಾಲೆಯ ಟೀಚರ್. ತಾಯಿ ಯಹೂದಿ, ಹಾಗಾಗಿ ಜೀವ ಸದಾ ಕೈಯಲ್ಲಿ. ಕುಡಿದ ಜರ್ಮನ್ ಸೈನಿಕನೊಬ್ಬ ಅವಳ ಮೇಲೆ ಅತ್ಯಾಚಾರ ಮಾಡುತ್ತಾನೆ. ಹುಟ್ಟಿದ ಮಗು ಉಸೆಪ್ಪೆ. ದೊಡ್ಡ ಮಗ ನೀನೊ ಮೊದಲು ಫ್ಯಾಸಿಸ್ಟ್, ಆಮೇಲೆ ಪಾರ್ಟಿಸಾನ್ (ಫ್ಯಾಸಿಸ್ಟರ ವಿರುದ್ಧದ ಗೆರಿಲ್ಲಾ), ಆಮೇಲೆ ಕಳ್ಳಸಾಗಣೆ. 1943ರ ಜುಲೈ 19ರ ಬಾಂಬ್ ದಾಳಿಯಲ್ಲಿ ಮನೆ ಹೋಗುತ್ತದೆ. 1947ಕ್ಕೆ ಕಥೆ ಮುಗಿಯುವಾಗ ಮಕ್ಕಳಿಬ್ಬರೂ ಇಲ್ಲ, ಇಡಾಗೆ ಬುದ್ಧಿ ನೆಟ್ಟಗಿಲ್ಲ. ಪ್ರತಿ ಅಧ್ಯಾಯದ ಮುಂದೆ ಆ ವರ್ಷ ಜಗತ್ತಿನಲ್ಲಿ ಏನೇನಾಯಿತು ಅನ್ನುವ ಒಣ ಪಟ್ಟಿ. ಹಿಟ್ಲರ್, ಒಪ್ಪಂದಗಳು, ಟ್ಯಾಂಕು, ಬಾಂಬು. ಅದರಲ್ಲಿ ಇಡಾ ಎಲ್ಲೂ ಬರುವುದಿಲ್ಲ.

1974ರಲ್ಲಿ ಐನೌದಿ ಪ್ರಕಾಶನ ಇದನ್ನು ನೇರವಾಗಿ ಅಗ್ಗದ ಪೇಪರ್‌ಬ್ಯಾಕಿನಲ್ಲೇ ತಂದಿತು. ಬೆಲೆ 2000 ಲೀರಾ. ಬಡವರ ಕೈಗೂ ಸಿಗಬೇಕು ಅನ್ನುವುದು ಮೊರಾಂಟೆಯವರ ಹಟ. ಲಕ್ಷಗಟ್ಟಲೆ ಪ್ರತಿ ಹೋಯಿತು. ಅಷ್ಟು ಜನ ಓದಿದರು, ಅತ್ತರು. ಬುದ್ಧಿಜೀವಿಗಳಿಗೆ ಅಲ್ಲೇ ಅನುಮಾನ ಶುರುವಾಯಿತು.

ಎಡಪಂಥೀಯ ಪತ್ರಿಕೆ ‘ಇಲ್ ಮನಿಫೆಸ್ತೊ’ದಲ್ಲಿ ಕವಿ ನಾನ್ನಿ ಬಲೆಸ್ತ್ರೀನಿ ಮತ್ತು ಇನ್ನು ಮೂವರು ಸೇರಿ ಕಾದಂಬರಿಯ ವಿರುದ್ಧ ಪತ್ರ ಬರೆದರು. ಅವರ ದೂರು ಸರಳ: ಇದು ಜನರನ್ನು ಹೋರಾಟಕ್ಕೆ ಎಬ್ಬಿಸುವುದಿಲ್ಲ, ಸುಮ್ನೆ ಅಳಿಸಿ ಮಲಗಿಸುತ್ತದೆ. ಮೊರಾಂಟೆಯವರ ಒಂದು ಕಾಲದ ಆಪ್ತ ಗೆಳೆಯ, ಕವಿ ಮತ್ತು ಸಿನಿಮಾ ನಿರ್ದೇಶಕ ಪಾಸೊಲಿನಿ ಕೂಡ ಕೈ ಬಿಟ್ಟರು. ವಿಚಾರ ಗಟ್ಟಿಯಿಲ್ಲ ಅಂತ ಕಟುವಾಗಿ ಬರೆದರು. ಲೇಖಕಿ ನತಾಲಿಯಾ ಗಿನ್ಜ್‌ಬುರ್ಗ್ ಮಾತ್ರ ಮನಸಾರೆ ಮೆಚ್ಚಿಕೊಂಡರು. ಕಣ್ಣೀರು ಬಂದರೆ ಕಲೆ ಕೆಟ್ಟಿತು ಅನ್ನುವ ಈ ಗುಮಾನಿ ನಮಗೂ ಗೊತ್ತಿರುವುದೇ ಅಲ್ವಾ? ಮಹಿಳೆಯರು ಬರೆದದ್ದಕ್ಕೆಲ್ಲ ‘ಅಡುಗೆಮನೆ ಸಾಹಿತ್ಯ’ ಅಂತ ಹಣೆಪಟ್ಟಿ ಅಂಟಿಸಿದ ಕಾಲ ನಮ್ಮಲ್ಲೂ ಇತ್ತಲ್ಲ.

ಆಮೇಲೆ ಬಂದ ಸಂಶೋಧಕರು ಹೆಚ್ಚು ತಾಳ್ಮೆಯವರು. ಮೊರಾಂಟೆ 1985ರಲ್ಲಿ ತೀರಿಕೊಂಡರು. ಅವರ ಹಸ್ತಪ್ರತಿಗಳು ರೋಮ್‌ನ ರಾಷ್ಟ್ರೀಯ ಗ್ರಂಥಾಲಯ ಸೇರಿದವು, ನೋಟ್‌ಬುಕ್‌ಗಳ ಅಧ್ಯಯನ ನಡೆಯಿತು. ಕೊಂಚೆತ್ತಾ ದಾಂಜೆಲಿ ಅಂಥವರು ಫ್ರೆಂಚ್ ಚಿಂತಕಿ ಸಿಮೋನ್ ವೇಯ್ ಅವರ ಪ್ರಭಾವವನ್ನು ತೋರಿಸಿಕೊಟ್ಟರು. ಇದು ಗಾಳಿಗೆ ಗುದ್ದಿದ ಮಾತಲ್ಲ. 1968ರ ತಮ್ಮ ಪದ್ಯಪುಸ್ತಕದಲ್ಲಿ ಮೊರಾಂಟೆ ಮೆಚ್ಚಿದ ‘ಸುಖಿಗಳಾದ ಕೆಲವರ’ ಪಟ್ಟಿಯಲ್ಲಿ ವೇಯ್ ಹೆಸರಿದೆ. ಬಲ ಅನ್ನುವುದು ಮನುಷ್ಯನನ್ನು ವಸ್ತುವಾಗಿಸುತ್ತದೆ ಅನ್ನುವ ವೇಯ್ ಮಾತು ಈ ಕಾದಂಬರಿಗೆ ಚೆನ್ನಾಗಿಯೇ ಹೊಂದುತ್ತದೆ. ಆದರೆ ಆ ಬೀಗದಕೈ ಸಿಕ್ಕಮೇಲೆ ಇಡಾ ಬರೀ ಉದಾಹರಣೆಯಾಗಿಬಿಡುತ್ತಾಳೆ. ಆಗ ಅವಳ ಕೋಣೆ, ಭಯ, ಮಗುವಿಗೆ ಕದ್ದು ತಂದ ಊಟ ಇವೆಲ್ಲ ಅಡಿಟಿಪ್ಪಣಿಗೆ ಹೋಗುತ್ತವೆ.

ತಿಬುರ್ತಿನಾ ಸ್ಟೇಷನ್ನಿನ ಪುಟಗಳನ್ನೇ ತೆಗೆದುಕೊಳ್ಳಿ. 1943ರ ಅಕ್ಟೋಬರ್ 16ರಂದು ನಾಜಿಗಳು ರೋಮ್‌ನ ಯಹೂದಿಗಳನ್ನು ಹಿಡಿದರು. 18ರಂದು ಸಾವಿರಕ್ಕೂ ಹೆಚ್ಚು ಜನರನ್ನು ಸರಕಿನ ಬೋಗಿಗಳಲ್ಲಿ ತುಂಬಿ ನಾಜಿಗಳ ಸಾವಿನ ಶಿಬಿರ ಆಶ್ವಿಟ್ಜ್‌ಗೆ ಸಾಗಿಸಿದರು. ಹಿಂದಿರುಗಿದವರು 16 ಜನ. ಕಾದಂಬರಿಯಲ್ಲಿ ಇಡಾ ಉಸೆಪ್ಪೆಯನ್ನು ಎತ್ತಿಕೊಂಡು, ಗಂಡ ಮಕ್ಕಳನ್ನು ಹುಡುಕುತ್ತಾ ಓಡುವ ಒಬ್ಬ ಪರಿಚಿತ ಹೆಂಗಸಿನ ಹಿಂದೆ ಆ ಪ್ಲಾಟ್‌ಫಾರ್ಮಿಗೆ ಬರುತ್ತಾಳೆ. ಮುಚ್ಚಿದ ಬೋಗಿಗಳಿಂದ ಗದ್ದಲ. ಅಳು, ಜಗಳ, ಪ್ರಾರ್ಥನೆ, ಯಾರೋ ಯಾರನ್ನೋ ಕೂಗುವುದು. ಇಡಾಗೆ ಓಡಿಹೋಗಬೇಕು ಅನಿಸುವುದಿಲ್ಲ. ಆ ದನಿಗಳು ಅವಳನ್ನು ತವರಿನ ಹಾಗೆ ಸೆಳೆಯುತ್ತವೆ! ಒಳಗಿಂದ ಯಾರೋ ಒಂದು ಚೀಟಿ ಎಸೆಯುತ್ತಾರೆ. ತಪ್ಪು ತಪ್ಪು ಕಾಗುಣಿತ. ನಾವೆಲ್ಲ ಆರೋಗ್ಯ, ಜರ್ಮನಿಗೆ ಹೊರಟಿದ್ದೇವೆ, ಲಾಜರೀನೊದು 120 ಲೀರಾ ಸಾಲವಿದೆ, ಕೊಡಿ ಅನ್ನುವ ಅರ್ಥದ್ದು.

ಅಳು ಬರಿಸಲೇಬೇಕು ಅಂತ ಕೂತವರಿಗೆ ಈ ಸಾಲದ ಲೆಕ್ಕ ಹೊಳೆಯುವುದಿಲ್ಲ. ಸಾಯಲು ಹೊರಟವರ ಕೈಯಲ್ಲಿ ಅವರು ಇನ್ನೇನನ್ನಾದರೂ ಬರೆಸುತ್ತಿದ್ದರು. ಹಿಂದಿನ ಬೀದಿಯ ಹೆಂಗಸು ಕಾಂಪೌಂಡ್ ಗೋಡೆಗೆ ಒರಗಿ ಸುದ್ದಿ ಹೇಳುವ ಹಾಗೆ ಈ ನಿರೂಪಕಿ ಹೇಳುತ್ತಾ ಹೋಗುತ್ತಾಳೆ. ಯಾರ ಬೂಟು ಎಷ್ಟು ಹರಿದಿತ್ತು, ಯಾವ ನಾಯಿಗೆ ಏನು ಹೆಸರು, ಎಲ್ಲ ಅವಳಿಗೆ ಗೊತ್ತು. ಕೆಲವು ಕಡೆ ‘ಇದು ನನಗೆ ಗೊತ್ತಾಗಲಿಲ್ಲ’ ಅಂತ ಬಿಟ್ಟೂ ಬಿಡುತ್ತಾಳೆ. ಅತ್ತವರು ಈ ಲೆಕ್ಕ ನೋಡಿ ಅತ್ತರು, ಭಾಷಣ ಕೇಳಿ ಅಲ್ಲ.

ಭಾಷಣವೂ ಇದೆ, ಇಲ್ಲವೆಂದಲ್ಲ. ದವಿಡೆ ಸೆಗ್ರೆ ಅನ್ನುವ ಯುವಕ, ಯಹೂದಿ, ಅರಾಜಕತಾವಾದಿ. ಒಂದು ಹೆಂಡದಂಗಡಿಯಲ್ಲಿ ಪುಟಗಟ್ಟಲೆ ಮಾತಾಡುತ್ತಾನೆ. ಅಧಿಕಾರವೆಲ್ಲ ಹಿಂಸೆ, ಚರಿತ್ರೆಯೆಲ್ಲ ಫ್ಯಾಸಿಸಮ್ಮು ಅನ್ನುವ ಧಾಟಿ. ಇದೇ ಲೇಖಕಿಯ ಮಾತು ಅಂತ ವಿಮರ್ಶಕರು ಎಷ್ಟು ಸಲ ಹಿಡಿದುಕೊಂಡಿದ್ದಾರೋ. ಆದರೆ ಆ ದೃಶ್ಯ ಹೇಗಿದೆ ನೋಡಿ. ಸುತ್ತಲಿನವರು ಇಸ್ಪೀಟು ಆಡುತ್ತಿದ್ದಾರೆ. ರೇಡಿಯೊ ಹಾಡುತ್ತಿದೆ. ಇವನ ಕಡೆ ಯಾರೂ ಸರಿಯಾಗಿ ಗಮನ ಕೊಡುವುದಿಲ್ಲ. ಪ್ರೀತಿಯಿಂದ ನೋಡುತ್ತಾ ಕೂತವರು ಉಸೆಪ್ಪೆ ಮತ್ತು ಬೆಲ್ಲಾ ನಾಯಿ. ತಮ್ಮ ಸಿದ್ಧಾಂತವನ್ನು ಸಾರಲು ಹೊರಟ ಲೇಖಕಿ ಇಂಥ ಜಾಗ ಹುಡುಕುತ್ತಾರಾ? ಆ ಮಾತು ಸರಿಯೂ ಇರಬಹುದು, ಕೇಳುವವರೇ ಇಲ್ಲದೆಯೂ ಇರಬಹುದು. ಮೊರಾಂಟೆ ಎರಡನ್ನೂ ಒಟ್ಟಿಗೇ ಇಟ್ಟಿದ್ದಾರೆ. ಗಟ್ಟಿಯಿಲ್ಲ ಅಂತ ಪಾಸೊಲಿನಿ ದೂರಿದ್ದು ಇಂಥದ್ದನ್ನೇ ಆಗಿದ್ದರೆ, ಆ ಸಡಿಲು ಬೇಕೆಂದೇ ಬಿಟ್ಟದ್ದು ಅಂತ ನನಗನಿಸುತ್ತದೆ.

ಹಾಗಂತ ನಾನು ಭಕ್ತೆಯೇನೂ ಅಲ್ಲ. ಬೈದವರ ಪರವಾಗಿ ಒಂದು ಮಾತು ಹೇಳಲೇಬೇಕು. ಉಸೆಪ್ಪೆ ಕೆಲವು ಪುಟಗಳಲ್ಲಿ ಮಗುವೇ ಅಲ್ಲ. ಹಕ್ಕಿಗಳು ‘ಎಲ್ಲ ತಮಾಷೆ’ ಅಂತ ಹಾಡುವುದು ಅವನಿಗೆ ಕೇಳಿಸುತ್ತದೆ, ನಾಯಿ ಅವನ ಜೊತೆ ಮಾತಾಡುತ್ತದೆ. ಮೊದಲ ಸಲ ಚೆಂದ. ನಾಲ್ಕನೇ ಸಲಕ್ಕೆ ಮಗುವಿನ ತಲೆಯ ಸುತ್ತ ಪ್ರಭಾವಳಿ ಕಾಣಿಸತೊಡಗುತ್ತದೆ. ಆ ಜಾಗಗಳಲ್ಲಿ ನನಗೆ ಅಳು ಬರಲಿಲ್ಲ, ಪುಟ ಮಗುಚಿದೆ.