ಇಆರ್ ಪಾಸಿಟಿವ್ ಅಂದ್ರೆ ಗಾಬರಿ ಯಾಕೆ?

ನಾನು ಪೆಥಾಲಜಿ ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ಗಡ್ಡೆಯ ತುಂಡನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಹರಡಿ ಬಣ್ಣ ಹಚ್ಚೋದು ನನ್ನ ಕೆಲಸ. ರಿಪೋರ್ಟ್ ಬರೆಯುವವರು ಡಾಕ್ಟರ್. ಆದರೆ ರಿಪೋರ್ಟ್ ಕೊಡುವ ಕೌಂಟರ್ ನನ್ನ ಟೇಬಲ್ ಪಕ್ಕದಲ್ಲೇ ಇದೆ. ಕವರ್ ಹರಿದು, "ಇಆರ್ ಪಾಸಿಟಿವ್, ಪಿಆರ್ ಪಾಸಿಟಿವ್" ಅಂತ ಓದಿ, ಅಲ್ಲೇ ಗೋಡೆಗೆ ಒರಗಿ ನಿಂತುಬಿಡುವವರನ್ನು ಎಷ್ಟೋ ಸಲ ನೋಡಿದ್ದೇನೆ. ಒಂದಲ್ಲ, ಎರಡೆರಡು ಪಾಸಿಟಿವ್! ಕೋವಿಡ್ ಆದಮೇಲಂತೂ ಆ ಪದ ಕಂಡರೇ ಜನರಿಗೆ ಎದೆ ಧಸಕ್ ಅನ್ನುತ್ತೆ.

ಸ್ತನ ಕ್ಯಾನ್ಸರ್‌ನಲ್ಲಿ ಈ ಎರಡು ಪಾಸಿಟಿವ್ ಕೆಟ್ಟ ಸುದ್ದಿ ಅಲ್ಲ. ಬಣ್ಣ ಹಚ್ಚಿದಾಗ ಗಡ್ಡೆಯ ಕೋಶಗಳ ಒಳಗಿನ ನ್ಯೂಕ್ಲಿಯಸ್ ಕಾಫಿ ಬಣ್ಣಕ್ಕೆ ತಿರುಗಿದರೆ ಅಲ್ಲಿ ಈಸ್ಟ್ರೋಜೆನ್ ಅನ್ನೋ ಹೆಣ್ಣು ಹಾರ್ಮೋನ್ ಬಂದು ಕೂರುವ ಜಾಗ ಇದೆ ಅಂತ ಅರ್ಥ, ಅದೇ ಇಆರ್. ಪಿಆರ್ ಅಂದರೆ ಪ್ರೊಜೆಸ್ಟರಾನ್ ಅನ್ನೋ ಇನ್ನೊಂದು ಹಾರ್ಮೋನ್ ಕೂರುವ ಜಾಗ. ನೂರರಲ್ಲಿ ಒಂದು ಕೋಶ ತಿರುಗಿದರೂ ಪಾಸಿಟಿವ್ ಅಂತಲೇ ಲೆಕ್ಕ. ಸ್ತನದ ಕೆಲವು ಕೋಶಗಳಿಗೆ ಮೊದಲಿಂದಲೂ ಈಸ್ಟ್ರೋಜೆನ್ ಹೇಳಿದ ಮಾತು ಕೇಳುವ ಅಭ್ಯಾಸ. ಹಾರ್ಮೋನ್ ಒಳಗೆ ಬರುತ್ತೆ, ಆ ಜಾಗದಲ್ಲಿ ಕೂರುತ್ತೆ, ಎರಡೂ ಸೇರಿ ಡಿಎನ್‌ಎ ಹತ್ತಿರ ಹೋಗಿ "ಬೆಳೀರಿ, ಎರಡಾಗಿ" ಅನ್ನುತ್ತವೆ. ಕ್ಯಾನ್ಸರ್ ಆದಮೇಲೂ ಕೆಲವು ಗಡ್ಡೆಗಳಿಗೆ ಆ ಅಭ್ಯಾಸ ಹೋಗಿರಲ್ಲ. ಅಂದರೆ ಅದರ ಅನ್ನದ ದಾರಿ ನಮಗೆ ಗೊತ್ತಾಯಿತು, ಮುಚ್ಚಬಹುದು. ಇದನ್ನು ಯಾರಾದರೂ ಎರಡು ನಿಮಿಷ ಕೂರಿಸಿ ಹೇಳಬೇಕಲ್ವಾ? ಹೇಳಲ್ಲ.

ಈ ಸಿಟ್ಟಿಗೆ ಕಾರಣ ನಮ್ಮ ದೊಡ್ಡಮ್ಮ. ಅರಸೀಕೆರೆ ಕಡೆ ಹಳ್ಳಿ, 51 ವಯಸ್ಸು. ಆಪರೇಷನ್ ಆಯ್ತು, ಕೀಮೋ ಆಯ್ತು, ಕರೆಂಟೂ (ರೇಡಿಯೇಷನ್) ಆಯ್ತು. ಕೂದಲು ಉದುರಿದಾಗ ಊರೆಲ್ಲ ಬಂದು ನೋಡಿಕೊಂಡು ಹೋಯ್ತು. ಕೊನೆಗೆ ದಿನಕ್ಕೊಂದು ಪುಟ್ಟ ಮಾತ್ರೆ, ಟಮಾಕ್ಸಿಫೆನ್ 20 ಮಿಲಿಗ್ರಾಂ, ಐದು ವರ್ಷ ತಗೊಳ್ಳಿ ಅಂದರು. ಅವರು ಒಂದೂವರೆ ವರ್ಷಕ್ಕೇ ಬಿಟ್ಟಿದ್ದಾರೆ! ನನಗೆ ಗೊತ್ತಾಗಿದ್ದು ಹಬ್ಬಕ್ಕೆ ಹೋದಾಗ. "ಅದು ಹಾರ್ಮೋನ್ ಮಾತ್ರೆಯಂತೆ ಮಗಾ, ಅದರಿಂದಲೇ ಕ್ಯಾನ್ಸರ್ ಬರುತ್ತಂತೆ." ನೆಂಟರಲ್ಲಿ ಓದಿದವರೊಬ್ಬರು ಹೇಳಿದ್ದಂತೆ.

ಆ ಮಾತಿಗೆ ಬುಡವೇ ಇಲ್ಲ ಅಂತಲ್ಲ. ಮುಟ್ಟು ನಿಂತ ಮೇಲೆ ಕೊಡುವ ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟಿನ್ ಎರಡೂ ಇರುವ ಮಾತ್ರೆಯಿಂದ ಸ್ತನ ಕ್ಯಾನ್ಸರ್ ಸ್ವಲ್ಪ ಜಾಸ್ತಿಯಾಗುತ್ತೆ ಅಂತ 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿತ್ತು. ಆದರೆ ಅದು ಹಾರ್ಮೋನ್ ಕೊಡುವ ಮಾತ್ರೆ. ದೊಡ್ಡಮ್ಮನದು ಹಾರ್ಮೋನನ್ನು ತಡೆಯುವ ಮಾತ್ರೆ. ಎರಡಕ್ಕೂ ನಾವು "ಹಾರ್ಮೋನ್ ಮಾತ್ರೆ" ಅಂತಲೇ ಹೆಸರಿಟ್ಟು ಕೂತಿದ್ದೇವೆ. ಕಳ್ಳನಿಗೂ ಪೊಲೀಸಿಗೂ ಒಂದೇ ಹೆಸರಿಟ್ಟ ಹಾಗೆ.

ದೊಡ್ಡಮ್ಮನಿಗೆ ಹೇಳಿದ್ದು ಇಷ್ಟು. ಸಂತೆ ದಿನ ಬಸ್ಸು ಬಂದ ತಕ್ಷಣ ಕಿಟಕಿಯಿಂದ ಟವೆಲ್ ಹಾಕ್ತೀವಲ್ಲ, ಟಮಾಕ್ಸಿಫೆನ್ ಆ ಟವೆಲ್ಲು. ಸೀಟಿನ ಮೇಲೆ ಬಿದ್ದಿರುತ್ತೆ, ಈಸ್ಟ್ರೋಜೆನ್ ಬಂದು ನೋಡಿ ನಿಂತೇ ಇರಬೇಕು. ದಿನಾ ಹೊಸ ಪ್ರಯಾಣಿಕರು ಹತ್ತುತ್ತಾರೆ, ಅದಕ್ಕೇ ದಿನಾ ಟವೆಲ್ ಹಾಕಬೇಕು.

ಈ ಕಥೆ ಶುರುವಾಗಿದ್ದು ಹಸುವಿನಿಂದ ಅಂದಾಗ ಅವರು ನಿಜವಾಗಿ ಕಿವಿ ನಿಮಿರಿಸಿದರು. ಸ್ಕಾಟ್ಲೆಂಡಿನ ಜಾರ್ಜ್ ಬೀಟ್ಸನ್ ಅನ್ನೋ ಡಾಕ್ಟರ್ ಕರು ಹಾಕಿದ ಹಸುವಿನ ಅಂಡಾಶಯ ತೆಗೆದರೆ ಹಾಲು ನಿಲ್ಲದೆ ಬರುತ್ತೆ ಅನ್ನೋ ಸಂಗತಿ ತಿಳಿದುಕೊಂಡಿದ್ದರು. ಎಲ್ಲಿಯ ಅಂಡಾಶಯ, ಎಲ್ಲಿಯ ಕೆಚ್ಚಲು! ಹಾಗಾದರೆ ಸ್ತನದ ಗಡ್ಡೆಗೂ ಅಂಡಾಶಯಕ್ಕೂ ನಂಟು ಇರಬಹುದು ಅಂತ 33 ವರ್ಷದ ಒಬ್ಬ ಹೆಂಗಸಿಗೆ ಅಂಡಾಶಯ ತೆಗೆದರು, ಗಡ್ಡೆ ಕರಗುತ್ತಾ ಬಂತು. 1896ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಹಾರ್ಮೋನ್ ಅನ್ನೋ ಪದವೇ ಆಗ ಇರಲಿಲ್ಲ, ಅದು ಬಂದಿದ್ದು 1905ರಲ್ಲಿ. ಆದರೆ ಈ ಆಪರೇಷನ್‌ನಿಂದ ಕೆಲವರಿಗೆ ಮಾತ್ರ ಗುಣ ಕಾಣುತ್ತಿತ್ತು, ಉಳಿದವರಿಗೆ ಸುಮ್ನೆ ಹೊಟ್ಟೆ ಕೊಯ್ದ ಹಾಗೆ. ಯಾಕೆ ಅಂತ ತಿಳಿಯಲು ಷಿಕಾಗೋದ ಎಲ್ವುಡ್ ಜೆನ್ಸನ್ ಆ "ಸೀಟು" ಹುಡುಕುವವರೆಗೆ ಕಾಯಬೇಕಾಯಿತು. ಸೀಟೇ ಇಲ್ಲದ ಗಡ್ಡೆಗೆ ಟವೆಲ್ ಹಾಕಿ ಏನು ಮಾಡ್ತೀರಿ? ನಾನು ದಿನಾ ಹಚ್ಚುವ ಕಾಫಿ ಬಣ್ಣ ಹುಡುಕೋದು ಅದನ್ನೇ.

ಟಮಾಕ್ಸಿಫೆನ್ ಮೊದಲು ತಯಾರಾಗಿದ್ದು 1962ರಲ್ಲಿ, ಇಂಗ್ಲೆಂಡಿನ ಐಸಿಐ ಕಂಪನಿಯಲ್ಲಿ, ಗರ್ಭ ನಿಲ್ಲದ ಹಾಗೆ ಮಾಡೋಣ ಅಂತ. ಇಲಿಯಲ್ಲಿ ಕೆಲಸ ಮಾಡಿತು, ಹೆಂಗಸರಲ್ಲಿ ಉಲ್ಟಾ ಅಂಡ ಬಿಡುಗಡೆ ಮಾಡಿಸಿತು. ಆಮೇಲೆ ಅದು ಸ್ತನ ಕ್ಯಾನ್ಸರ್ ಔಷಧಿಯಾಯಿತು. (ನಮ್ಮ ಆಶಾ ಕಾರ್ಯಕರ್ತೆಯರು ಕೊಡುವ ಛಾಯಾ ಅನ್ನೋ ಗರ್ಭನಿರೋಧಕ ಮಾತ್ರೆ ಇದರ ದಾಯಾದಿ, ಲಖನೌದಲ್ಲಿ ಹುಟ್ಟಿದ್ದು.) ಐದು ವರ್ಷ ಟಮಾಕ್ಸಿಫೆನ್ ನುಂಗಿದ ಇಆರ್ ಪಾಸಿಟಿವ್ ಹೆಂಗಸರಲ್ಲಿ ಹದಿನೈದು ವರ್ಷದ ಲೆಕ್ಕ ತೆಗೆದರೆ ಸ್ತನ ಕ್ಯಾನ್ಸರ್‌ನಿಂದ ಸಾಯೋದು ಸುಮಾರು ಮೂರನೇ ಒಂದು ಭಾಗ ಕಡಿಮೆ. ಇಷ್ಟು ಅಗ್ಗದ ಮಾತ್ರೆ!

ತೊಂದರೆ ಇಲ್ಲವಾ? ಇದೆ. ಮೈಯೆಲ್ಲ ಬೆಂಕಿ ಹಚ್ಚಿದ ಹಾಗೆ ಆಗುತ್ತೆ, ದೊಡ್ಡಮ್ಮ ರಾತ್ರಿ ಜಗಲಿ ಮೇಲೆ ಒದ್ದೆ ಬಟ್ಟೆ ಹೊದ್ದು ಮಲಗಿದ್ದಾರೆ. ಕೆಲವರಿಗೆ ರಕ್ತ ಹೆಪ್ಪುಗಟ್ಟುತ್ತೆ. ಗರ್ಭಕೋಶದಲ್ಲಂತೂ ಈ ಟವೆಲ್ಲೇ ಪ್ರಯಾಣಿಕನ ಥರ ಆಡುತ್ತೆ, ಒಳಪದರ ಬೆಳೆಸುತ್ತೆ. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ ಅವತ್ತೇ ಡಾಕ್ಟರಿಗೆ ಹೇಳಬೇಕು. ಇದನ್ನೆಲ್ಲ ಮುಚ್ಚಿಟ್ಟು "ತಗೊಳ್ಳಿ ಅಮ್ಮ, ಏನೂ ಆಗಲ್ಲ" ಅಂದರೆ ಮೊದಲ ಬೆವರಿಗೇ ಅವರ ನಂಬಿಕೆ ಹೋಗುತ್ತೆ. ಹೋಗದೆ ಇನ್ನೇನು?

ನಮ್ಮ ಕಡೆಯ ತಪ್ಪೂ ಇದೆ. ತೆಗೆದ ಗಡ್ಡೆಯನ್ನು ತಕ್ಷಣ ಫಾರ್ಮಾಲಿನ್‌ಗೆ, ಅಂದರೆ ಕೆಡದ ಹಾಗೆ ಕಾಯುವ ದ್ರಾವಣಕ್ಕೆ ಹಾಕಬೇಕು. ಒಮ್ಮೆ ಬರೀ ಸಲೈನ್‌ನಲ್ಲಿ, ಊರಿಂದ ಬಸ್ಸಿನಲ್ಲಿ, ಮಾರನೇ ದಿನ ಬಂತು ಒಂದು ಡಬ್ಬಿ. ಬಣ್ಣ ಹಿಡಿಯಲೇ ಇಲ್ಲ. ಪಕ್ಕದ ಒಳ್ಳೆಯ ಕೋಶಗಳಲ್ಲಾದರೂ ಒಂದಿಷ್ಟು ಕಾಫಿ ಬಣ್ಣ ಕಾಣಬೇಕು, ಅದೂ ಇಲ್ಲ. ಪುಣ್ಯಕ್ಕೆ ನಮ್ಮ ಡಾಕ್ಟರ್ ಅನುಮಾನಪಟ್ಟು ಇನ್ನೊಂದು ತುಂಡು ತರಿಸಿದರು. ಸುಮ್ನೆ ನೆಗೆಟಿವ್ ಅಂತ ಬರೆದಿದ್ದರೆ ಆಯಮ್ಮನಿಗೆ ಈ ಮಾತ್ರೆ ಸಿಗುತ್ತಲೇ ಇರಲಿಲ್ಲ.

ದೊಡ್ಡಮ್ಮ ಡಾಕ್ಟರ ಹತ್ತಿರ ಹೋಗಿ ಬಂದು ಮಾತ್ರೆ ಮತ್ತೆ ಶುರು ಮಾಡಿದ್ದಾರೆ. ಮೊನ್ನೆ ಫೋನ್ ಮಾಡಿ ಕೇಳಿದರು, "ಅಲ್ಲ ಮಗಾ, ಕಂಡಕ್ಟರ್ ಬಂದು ಟವೆಲ್ ತೆಗೆದು ಬಿಸಾಡಿದ್ರೆ?" ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ. ಕೆಲವು ಗಡ್ಡೆಗಳು ನಿಜಕ್ಕೂ ಹಾಗೆ ಮಾಡುತ್ತವೆ. ಸೀಟಿನ ಆಕಾರವೇ ಬದಲಾಗಿ ಪ್ರಯಾಣಿಕ ಹತ್ತದಿದ್ದರೂ ಬಸ್ಸು ಹೊರಡುತ್ತೆ. ಆಗ ಸೀಟನ್ನೇ ಕಿತ್ತುಹಾಕುವ ಔಷಧಿ ಇದೆ ದೊಡ್ಡಮ್ಮ ಅಂದೆ, ಫುಲ್ವೆಸ್ಟ್ರಾಂಟ್ ಅಂತ.

"ಹಂಗಾದ್ರೆ ಅದನ್ನೇ ಮೊದಲು ಕೊಡಬಹುದಿತ್ತಲ್ಲ?"

"ಅದು ಮಾತ್ರೆ ಅಲ್ಲ. ತಿಂಗಳಿಗೊಂದು ಸಲ, ಸೊಂಟದ ಕೆಳಗೆ ಎರಡೂ ಕಡೆ ಒಂದೊಂದು ಇಂಜೆಕ್ಷನ್."

"ಅಯ್ಯೋ, ಬೇಡ ಬಿಡು. ಟವೆಲ್ಲೇ ಇರಲಿ."